ನೆಲಕ್ಕೆ ಬಿಟ್ಟ ಎಣ್ಣೆ

ಹದಿಮೂರನೆಯ ವಯಸ್ಸಿನಲ್ಲಿ, ಮುಟ್ಟಾದದ್ದು ತಿಳಿಯದೆ ದೇವರ ಹೂಬುಟ್ಟಿ ಮುಟ್ಟಿದೆ. ಆ ಮಳೆಗಾಲದಲ್ಲೇ ತಮ್ಮ ಜ್ವರ ಬಂದು ತೀರಿಕೊಂಡ. ಪುರೋಹಿತರು ಹೇಳಿದ ಕಾರಣ, ನನ್ನ ಮೈಲಿಗೆ. ಅಮ್ಮ ನಂಬಿದಳು. ನಾನೂ ನಂಬಿದೆ, ಮೂವತ್ತು ವರ್ಷ. ಬಿ.ಎ., ಬಿ.ಎಡ್. ಮಾಡಿದವಳು!

ಪುತ್ತೂರಿನ ಕಡೆಗೆ ವರ್ಗವಾದ ಮೇಲೆ ಕೆಡ್ಡಸ ಕಂಡೆ. ಫೆಬ್ರವರಿಯಲ್ಲಿ ಮೂರು ದಿನ ತುಳುವರ ಭೂಮಿತಾಯಿ ಮುಟ್ಟಾಗುತ್ತಾಳೆ. ಉಳುವಂತಿಲ್ಲ, ಅಗೆಯುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಕೊನೆಗೆ ಹೆಂಗಸರು ಅಂಗಳದಲ್ಲಿ ಅರಸಿನ, ಕುಂಕುಮ, ಸೀಗೆ ಇಟ್ಟು ನೆಲಕ್ಕೆ ಎಣ್ಣೆ ಬಿಡುತ್ತಾರೆ, ಮೀಯಲು ಹೊರಟ ಮಗಳಿಗೆ ಇಟ್ಟುಕೊಟ್ಟ ಹಾಗೆ. ನೆರೆಮನೆಯಾಕೆ, "ಟೀಚರ್, ನೀವೂ ಬಿಡಿ" ಎಂದರು. ನಾನು ಹೊರಗಾಗಿದ್ದೆ; ಹೇಳಿದೆ. "ಅವಳೂ ಹಾಗೇ ಇರುವುದಲ್ವಾ?" ಎಂದು ಬಟ್ಟಲು ಕೈಗಿಟ್ಟರು. ಎಣ್ಣೆ ಮಣ್ಣಿಗಿಳಿಯುವುದನ್ನು ನೋಡುತ್ತ ನಿಂತೆ. ತಮ್ಮನಿಗಾಗಿ ಮೊದಲ ಸಲ ಅಳು ಬಂತು. ಅದುವರೆಗೆ ಬರುತ್ತಿದ್ದುದು ಭಯ ಮಾತ್ರ.

ಇದು ಮೌಢ್ಯವೆಂದು ವಿಚಾರವಾದಿ ಮಿತ್ರರು ನಗುತ್ತಾರೆ. ಶಾಸ್ತ್ರವಿಲ್ಲದ ಕ್ಷುದ್ರಾಚರಣೆಯೆಂದು ಮಡಿವಂತರು ಮೂಗು ಮುರಿಯುತ್ತಾರೆ. ಸ್ವಾಮಿ, ನಿಮ್ಮ ಶಾಸ್ತ್ರ ಒಬ್ಬ ಹುಡುಗಿಯ ತಲೆಗೆ ಸಾವು ಕಟ್ಟಿತ್ತು. ಅದನ್ನು ಬಿಚ್ಚಿದ್ದು ಒಂದು ಬಟ್ಟಲು ಎಣ್ಣೆ.

ಕೆಡ್ಡಸ ಆಚರಿಸುವ ಮನೆಗಳಲ್ಲೂ ಹುಡುಗಿಯರನ್ನು ಹೊರಗೆ ಕೂರಿಸುವವರಿದ್ದಾರೆ, ಬಲ್ಲೆ. ಅವರೊಡನೆಯೂ ನನ್ನ ಜಗಳವಿದೆ. ನೆಲಕ್ಕೆ ಎಣ್ಣೆ, ಮಗಳಿಗೆ ಹಿತ್ತಲ ಮೂಲೆಯೇ?