ಅಸಹ್ಯವು ದಯೆಯಲ್ಲ

ಕಳೆದ ಮಳೆಗಾಲದಲ್ಲಿ ಸೊರಬ ತಾಲ್ಲೂಕಿನ ಗ್ರಾಮವೊಂದರಲ್ಲಿ ಶಿವಾನುಭವಗೋಷ್ಠಿ ಮುಗಿಯುವ ಹೊತ್ತಿಗೆ ತರುಣನೊಬ್ಬನು ಎದ್ದು ನಿಂತು, “ಬುದ್ಧಿ, ಮುಂದಿನ ಕಾಲಕ್ಕೆ ಹುಳುಗಳೇ ಆಹಾರವಂತೆ. ತಾವು ಏನು ಅಪ್ಪಣೆ ಕೊಡಿಸುತ್ತೀರಿ?” ಎಂದು ಕೇಳಿದನು. ನಾವು ಉತ್ತರಿಸುವ ಮೊದಲೇ ಸಭೆ ಗೊಳ್ಳೆಂದು ನಕ್ಕಿತು. “ಕಾಡಂಚಿನವರು ಈಗಲೇ ತಿನ್ನುತ್ತಾರಲ್ಲ, ಅವರನ್ನೇ ಕೇಳು” ಎಂದು ಹಿಂದಿನಿಂದ ಯಾರೋ ಕೂಗಿದರು; ನಗೆ ಇಮ್ಮಡಿಯಾಯಿತು. ತರುಣನ ಪ್ರಶ್ನೆಗಿಂತಲೂ ಆ ನಗೆಯನ್ನು ಕುರಿತು ನಾಲ್ಕು ಮಾತು ಬರೆಯುವುದು ಅಗತ್ಯವೆಂದು ನಮಗೆ ತೋರಿದೆ.

ಮೊದಲೇ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತೇವೆ. ನಾವು ಸಸ್ಯಾಹಾರಿಗಳು, ಕೊನೆಯುಸಿರಿನವರೆಗೂ ಹಾಗೆಯೇ ಇರತಕ್ಕವರು. ಭಕ್ತರು ಹುಳು ತಿನ್ನಲೆಂದು ಈ ಲೇಖನವಲ್ಲ. ಆದರೆ ತಾನು ತಿನ್ನದಿರುವುದು ಒಂದು ವ್ರತ. ತಿನ್ನುವವನನ್ನು ಹೀನವಾಗಿ ಕಾಣುವುದು ಒಂದು ದುರ್ಗುಣ. ಇವೆರಡನ್ನೂ ಒಂದೇ ಎಂದು ಬಗೆದಿರುವಲ್ಲಿ ನಮ್ಮ ತಪ್ಪಿದೆ.

ನಾವು ನಗುವುದಾದರೂ ಯಾವುದನ್ನು ಕಂಡು? ಮಾವು, ಗೇರು ಮರಗಳಲ್ಲಿ ಹಸಿರೆಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪಿರುವೆಗೆ ಮಲೆನಾಡಿನಲ್ಲಿ ಚಗಳಿ ಎಂದು ಹೆಸರು. ಅದನ್ನು ಉಪ್ಪು, ಮೆಣಸಿನಕಾಯಿ, ಬೆಳ್ಳುಳ್ಳಿಗಳೊಡನೆ ಅರೆದರೆ ಚಟ್ನಿಯಾಗುತ್ತದೆ. ಶೀತ ಕೆಮ್ಮುಗಳಿಗೆ ಒಳ್ಳೆಯದೆಂಬ ನಂಬಿಕೆಯೂ ಉಂಟು. ಉತ್ತರ ಕನ್ನಡದ ಸಿದ್ದಿ ಜನರಲ್ಲಿಯೂ ಇದು ರೂಢಿಯಲ್ಲಿದೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದೆದ್ದು ದೀಪಕ್ಕೆ ಮುತ್ತುವ ಗೆದ್ದಲಿನ ರೆಕ್ಕೆಹುಳುಗಳನ್ನು, ಹಲವೆಡೆ ಈಚಲು ಅಥವಾ ಈಸಲು ಎಂದು ಕರೆಯುವ ಆ ಹುಳುಗಳನ್ನು, ಹುರಿದು ತಿನ್ನುವ ಪದ್ಧತಿ ಕರ್ನಾಟಕದ ಅನೇಕ ಭಾಗಗಳಲ್ಲಿದೆ. ಇದು ಹೊಟ್ಟೆಗಿಲ್ಲದವರ ಗತಿಗೇಡೆಂದು ಕೆಲವರು ಮರುಕ ತೋರುತ್ತಾರೆ. ಆ ಮರುಕವೂ ಅಜ್ಞಾನವೇ. ತಿನ್ನುವವರು ಅದನ್ನು ರುಚಿಯೆಂದೇ ತಿನ್ನುತ್ತಾರೆ; ಋತುವಿಗಾಗಿ ಕಾದಿದ್ದು ತಿನ್ನುತ್ತಾರೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ೨೦೧೩ರಲ್ಲಿ ಹೊರತಂದ ವರದಿಯಲ್ಲಿ, ಜಗತ್ತಿನ ಸುಮಾರು ೨೦೦ ಕೋಟಿ ಜನರ ಆಹಾರದಲ್ಲಿ ಕೀಟಗಳಿಗೆ ಸ್ಥಾನವಿದೆಯೆಂದೂ ಹಾಗೆ ಬಳಸುವ ಕೀಟಗಳ ಬಗೆಗಳು ೧೯೦೦ಕ್ಕೂ ಹೆಚ್ಚೆಂದೂ ಹೇಳಿತು. ೨೦೨೧ರಲ್ಲಿ ಐರೋಪ್ಯ ಒಕ್ಕೂಟವು ಹಿಟ್ಟಿನ ಹುಳುವೊಂದನ್ನು ಆಹಾರವೆಂದು ಅಂಗೀಕರಿಸಿತು; ೨೦೨೪ರಲ್ಲಿ ಸಿಂಗಪುರವು ೧೬ ಬಗೆಯ ಕೀಟಗಳಿಗೆ ಅನುಮತಿ ಕೊಟ್ಟಿತು. ಅದೇ ವರ್ಷದ ಜನವರಿಯಲ್ಲಿ ಒಡಿಶಾದ ಮಯೂರಭಂಜದ ಕೆಂಪಿರುವೆ ಚಟ್ನಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಈ ಸುದ್ದಿಗಳನ್ನು ಓದುವಾಗ ನಮ್ಮ ವಿದ್ಯಾವಂತರು ನಗುವುದಿಲ್ಲ. “ಪ್ರೋಟೀನ್”, “ಪರಿಸರ” ಎಂದು ಗಂಭೀರವಾಗಿ ತಲೆದೂಗುತ್ತಾರೆ. ಮಿಡತೆಯ ಪುಡಿ ವಿದೇಶದ ಡಬ್ಬಿಯಲ್ಲಿ ಬಂದರೆ ವಿಜ್ಞಾನ, ಚಗಳಿ ನೆರೆಮನೆಯ ಒರಳಿನಲ್ಲಿದ್ದರೆ ಅನಾಗರಿಕತೆ! ಹಾಗಾದರೆ ನಮಗೆ ಅಸಹ್ಯವಾದುದು ಹುಳುವೋ, ಅದನ್ನು ತಿನ್ನುವವನ ಬಡತನ ಮತ್ತು ಕುಲವೋ? ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನವು. ಈ ನೆಲದಲ್ಲಿ ನಿಂತು ಅನ್ನದ ನೆಪದಿಂದ ಕುಲವನ್ನು ಅಳೆಯುವುದು ನಮಗೆ ಶೋಭೆಯಲ್ಲ.

“ಹಾಗಲ್ಲ ಬುದ್ಧಿ, ಜೀವಹಿಂಸೆಗೆ ನಮ್ಮ ವಿರೋಧ” ಎನ್ನುವವರಿದ್ದಾರೆ. ಒಳ್ಳೆಯದು, ಆ ಲೆಕ್ಕವನ್ನೇ ನೋಡೋಣ. ಮೆಕ್ಕೆಜೋಳದ ಸೈನಿಕ ಹುಳುವನ್ನು ಭಾರತದಲ್ಲಿ ಮೊತ್ತಮೊದಲು ಗುರುತಿಸಿದ್ದು ೨೦೧೮ರಲ್ಲಿ, ನಮ್ಮ ಶಿವಮೊಗ್ಗದಲ್ಲಿಯೇ. ಅಂದಿನಿಂದ ಶಿಕಾರಿಪುರದ ಹೊಲಗಳಲ್ಲಿ ಭಕ್ತರು ಎಷ್ಟು ಸಲ ಔಷಧಿ ಹೊಡೆದಿದ್ದಾರೆ? ಬೆಳೆಯನ್ನು ಉಳಿಸಿಕೊಳ್ಳುವ ರೈತನನ್ನು ನಾವು ದೂಷಿಸುವುದಿಲ್ಲ. ಆದರೆ ಸಿಂಪಡಿಸಿದ ವಿಷವು ಬೆಳೆ ತಿನ್ನುವ ಹುಳುವನ್ನಷ್ಟೇ ಅಲ್ಲ, ಅದರೊಡನೆ ಜೇನನ್ನೂ ಜೇಡವನ್ನೂ ಕೊಲ್ಲಬಲ್ಲುದು. ಹಾಗೆ ಸತ್ತ ಜೀವಗಳಿಗೆ ಹೋಲಿಸಿದರೆ ಒಂದು ಮನೆಯ ಒರಳಿಗೆ ಬೀಳುವ ಚಗಳಿ ಎಷ್ಟರದು?

ಇನ್ನು ಪೂಜೆಗೆ ಕುಳಿತಾಗ ಉಡುವ ರೇಷ್ಮೆಯ ವಿಚಾರ. ದೇಶದ ಕಚ್ಚಾ ರೇಷ್ಮೆಯ ಉತ್ಪಾದನೆಯಲ್ಲಿ ಕರ್ನಾಟಕವೇ ಅಗ್ರಗಣ್ಯವೆಂದು ಹೆಮ್ಮೆಪಡುತ್ತೇವೆ. ಒಂದು ಕಿಲೋ ನೂಲಿಗೆ ಆರೇಳು ಕಿಲೋ ಗೂಡು ಬೇಕು. ಚಿಟ್ಟೆ ಗೂಡನ್ನು ಕೊರೆದು ಹೊರಬರದಂತೆ ಒಳಗಿನ ಕೋಶವನ್ನು ಬಿಸಿಗಾಳಿಯಲ್ಲಿಯೋ ಆವಿಯಲ್ಲಿಯೋ ಕೊಲ್ಲಲೇಬೇಕು. ಅಸ್ಸಾಮಿನವರು ಏರಿ ರೇಷ್ಮೆಯ ನೂಲನ್ನು ಉಟ್ಟು ಕೋಶವನ್ನು ತಿನ್ನುತ್ತಾರೆ. ನಾವು ಸಾವಿರಾರು ಕೋಶಗಳ ಸಾವಿನಿಂದಾದ ಮಡಿಯನ್ನು ಉಟ್ಟು ಅವರನ್ನು ಕಂಡು ಮೂಗು ಮುರಿಯುತ್ತೇವೆ. ಅರಗು ಸಹ ಕೀಟದಿಂದಲೇ ಬಂದದ್ದು. ಅದರ ಲೇಪವಿರುವ ಗುಳಿಗೆಯನ್ನು ನುಂಗುವಾಗ ಯಾರ ವ್ರತವೂ ಕೆಡುವುದಿಲ್ಲ. ಬಾಯಿಗೆ ಹೋಗುವುದನ್ನು ಮಾತ್ರ ಎಣಿಸಿ, ಮೈಮೇಲೆ ಹೊದೆಯುವುದನ್ನೂ ಹೊಲದಲ್ಲಿ ಸಾಯುವುದನ್ನೂ ಬಿಟ್ಟುಬಿಡುವ ಲೆಕ್ಕ ದಯೆಯ ಲೆಕ್ಕವಾಗಲಾರದು.

ಕೀಟಾಹಾರವನ್ನು ಲೋಕಕ್ಕೆ ಮಾರಹೊರಟಿರುವವರಿಗೂ ನಮ್ಮದೊಂದು ಮಾತಿದೆ. ಒಂದು ಕಿಲೋ ಕೀಟ ಬೆಳೆಯಲು ಸರಾಸರಿ ೨ ಕಿಲೋ ಮೇವು ಸಾಕು, ದನದ ಮಾಂಸಕ್ಕೆ ಅದರ ಹಲವು ಪಾಲು ಬೇಕೆಂಬ ಅವರ ವಾದ ಸುಳ್ಳಲ್ಲ. ಆದರೆ ಒಂದು ದನದ ಸ್ಥಾನದಲ್ಲಿ ಲೆಕ್ಕವಿಲ್ಲದಷ್ಟು ಜೀವಗಳು ಸಾಯುತ್ತವೆ. ಜೀವವನ್ನು ತೂಕದಿಂದ ಅಳೆಯಬೇಕೋ ಎಣಿಕೆಯಿಂದಲೋ ಎಂಬ ಪ್ರಶ್ನೆಯನ್ನು ಅವರು ಎತ್ತುವುದೇ ಇಲ್ಲ. ಹುರುಳಿ, ಹೆಸರು, ಅವರೆ, ತೊಗರಿಗಳನ್ನು ನೇರವಾಗಿ ಉಣ್ಣುವವನಿಗೆ ಈ ಡಬ್ಬಿಗಳ ಅಗತ್ಯವೂ ಇಲ್ಲ. ಆ ತರುಣನಿಗೆ ಅಂದು ಕೊಡಬೇಕಾಗಿದ್ದ ಉತ್ತರ ಇಷ್ಟೇ: ನಮ್ಮ ಹಾದಿ ಕಾಳಿನದು, ಅದನ್ನು ಬಿಡಬೇಕಾಗಿಲ್ಲ; ಬೇರೆ ಹಾದಿಯವನನ್ನು ತುಳಿಯಬೇಕಾಗಿಯೂ ಇಲ್ಲ.

ಈ ಮಾತುಗಳನ್ನು ಇಷ್ಟು ಕಠಿಣವಾಗಿ ಬರೆಯಲು ಕಾರಣವೊಂದಿದೆ. ನಾವು ಬಾಲ್ಯದಲ್ಲಿ ಓದುತ್ತಿದ್ದ ಉಚಿತ ವಿದ್ಯಾರ್ಥಿನಿಲಯಕ್ಕೆ ಕಾಡಂಚಿನ ಹಳ್ಳಿಯಿಂದ ಒಬ್ಬ ಹುಡುಗ ಬಂದು ಸೇರಿದ್ದನು. ಮೊದಲ ಮಳೆಯ ರಾತ್ರಿ ದೀಪದ ಕೆಳಗೆ ನೀರಿನ ಬೋಗುಣಿಯಿಟ್ಟು, ತನ್ನ ಮನೆಯಲ್ಲಿ ಮಾಡುತ್ತಿದ್ದಂತೆ, ರೆಕ್ಕೆಹುಳುಗಳನ್ನು ಹಿಡಿಯತೊಡಗಿದನು. “ಇಲ್ಲಿ ಇದು ಸಲ್ಲದಪ್ಪಾ” ಎಂದು ಹಿರಿಯರೊಬ್ಬರು ಮೆಲ್ಲಗೆ ಹೇಳಿದ್ದರೆ ಅವನು ಬಿಟ್ಟುಬಿಡುತ್ತಿದ್ದನು. ಹಾಗೆ ಹೇಳುವವರು ಯಾರೂ ಇರಲಿಲ್ಲ. “ಹುಳ ತಿನ್ನೋನು” ಎಂಬ ಹೆಸರು ಮಾತ್ರ ಅವನಿಗೆ ಅಂಟಿತು. ಪಂಕ್ತಿಯಲ್ಲಿ ಅವನ ಪಕ್ಕದ ಎಲೆ ಖಾಲಿ ಉಳಿಯಿತು. ವಾರ ಕಳೆಯುವುದರೊಳಗೆ ಟ್ರಂಕು ಹೊತ್ತು ಊರಿಗೆ ಹೋದವನು ಮತ್ತೆ ಬರಲಿಲ್ಲ. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವನು. ಅಂದು ನಕ್ಕವರಲ್ಲಿ ನಾವೂ ಒಬ್ಬರು. ಒಂದು ಹುಳುವೂ ಸಾಯದಂತೆ ನಡೆದುಕೊಂಡೆವೆಂಬ ಗರ್ವದಲ್ಲಿ ಒಬ್ಬ ಹುಡುಗನ ವಿದ್ಯೆಯನ್ನು ಕೊಂದಿದ್ದೆವು.

ಆದಕಾರಣ ಸದ್ಭಕ್ತರಲ್ಲಿಯೂ, ವಿಶೇಷವಾಗಿ ಇಂದು ಶಿಕ್ಷಕರೂ ನಿಲಯಪಾಲಕರೂ ಆಗಿರುವ ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಾವು ಹೇಳುವುದಿಷ್ಟು. ನಿಲಯದ ಅಡುಗೆ ನಿಲಯದ ನಿಯಮದಂತೆಯೇ ನಡೆಯಲಿ. ಆದರೆ ಮಗುವೊಂದು ತನ್ನ ಮನೆಯಲ್ಲಿ ಏನು ಉಣ್ಣುತ್ತದೆಂಬುದು ತರಗತಿಯಲ್ಲಾಗಲಿ ಪಂಕ್ತಿಯಲ್ಲಾಗಲಿ ನಗೆಯ ವಸ್ತುವಾಗಕೂಡದು. ಹಾಗೆ ನಗುವವರನ್ನು ಅಲ್ಲಿಯೇ ತಡೆಯಿರಿ. ಆ ಮಗುವಿನ ಪಕ್ಕದ ಎಲೆಯ ಮುಂದೆ ಮೊದಲು ನೀವೇ ಹೋಗಿ ಕುಳಿತುಕೊಳ್ಳಿರಿ.