ನಮ್ಮ ಕಡೆಯ ದೊರೆಗೆ ಹುಚ್ಚು ಹಿಡಿಯುವಾಗ...

ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡಿದ್ದ ವಿಷಯ ಇದು. ಕಳೆದ ಶನಿವಾರ ರಾತ್ರಿ ನಮ್ಮ ಆಟ ಮುಗಿದ ಮೇಲೆ ಇನ್ನು ಮುಂದೂಡೋದು ಬೇಡ ಅನ್ನಿಸಿತು. ವಿಷಯ ಸ್ವಲ್ಪ ವಿಚಿತ್ರ. ಆಟದಲ್ಲಿ ಒಬ್ಬ ದೊರೆಗೆ ಹುಚ್ಚು ಹಿಡಿಸೋದು ಹೇಗೆ? ಅದೂ ಶತ್ರು ದೊರೆಗಲ್ಲ, ನಮ್ಮನ್ನು ಸಾಕಿ, ನಮ್ಮ ಬೆನ್ನಿಗೆ ನಿಂತ ದೊರೆಗೆ.

ಯಾವ ಆಟ ಅಂತ ಕೇಳುವವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಒಂದು ಆಟ ಇದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನುವ ಇಬ್ಬರು ಅಮೆರಿಕದಲ್ಲಿ 1974ರಲ್ಲಿ ಹೊರತಂದದ್ದು. ಕಂಪ್ಯೂಟರ್ ಬೇಕಿಲ್ಲ. ಒಂದು ಮೇಜು, ಪೆನ್ಸಿಲ್ಲು, ಹಾಳೆ, ದಾಳ, ನಾಲ್ಕೈದು ಜನ ಗೆಳೆಯರು ಇದ್ದರೆ ಸಾಕು. ಒಬ್ಬೊಬ್ಬರದೂ ಒಂದೊಂದು ಪಾತ್ರ. ಉಳಿದ ಇಡೀ ಜಗತ್ತು, ಅಂದರೆ ರಾಜ, ಕಳ್ಳ, ಭೂತ, ಹೋಟೆಲ್ ಮಾಣಿ ಎಲ್ಲಾ, ಡಂಜನ್ ಮಾಸ್ಟರ್ ಅನ್ನುವ ಒಬ್ಬನದು. ನಮ್ಮ ಗುಂಪಿನಲ್ಲಿ ಅದು ನಾನು. ಕತ್ತಿ ಬೀಸಿದರೆ ತಗುಲಿತೋ ಇಲ್ಲವೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಉಳಿದದ್ದೆಲ್ಲ ಮಾತು.

ತಾಳಮದ್ದಳೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಪಾತ್ರವಾಗಿ ಮಾತಾಡಬೇಕು. ಎದುರಿನವನು ಏನು ಕೇಳುತ್ತಾನೆ ಅಂತ ಮೊದಲೇ ಗೊತ್ತಿರೋಲ್ಲ. ಆದರೆ ಅಲ್ಲಿ ಕಥೆ ಎಲ್ಲಿಗೆ ಮುಟ್ಟಬೇಕು ಅಂತ ಪ್ರಸಂಗ ಹೇಳಿರುತ್ತದೆ. ಇಲ್ಲಿ ಅದೂ ಇಲ್ಲ :)

ನಮ್ಮ ಆಟದಲ್ಲಿ ಮಾರ್ತಾಂಡ ಅಂತ ಒಬ್ಬ ದೊರೆ. ಮುದುಕ, ದೊಡ್ಡ ಮಾಂತ್ರಿಕ. ನಾಲ್ಕೂ ಜನ ಆಟಗಾರರು ಒಟ್ಟಿಗೆ ಬಿದ್ದರೂ ಅವನ ಕೂದಲು ಕೊಂಕೋಲ್ಲ. ಇವರು ಏನೂ ಇಲ್ಲದೆ ಅಲೆಯುತ್ತಿದ್ದಾಗ ಕೋಟೆಯೊಳಗೆ ಜಾಗ ಕೊಟ್ಟವನು, ಕುದುರೆ ಕೊಟ್ಟವನು. ಅವನಿಗೆ ಹುಚ್ಚು ಹಿಡಿದರೆ ಕಥೆಗೆ ಒಳ್ಳೆ ತಿರುವು ಸಿಗುತ್ತದೆ ಅಂತ ನನಗೆ ಹೊಳೆಯಿತು.

ಮೊದಲ ಸಲ ಮಾಡಿದ್ದು ಹೇಗೆ ಅಂತ ಹೇಳೋಕೆ ಈಗ ನಾಚಿಕೆ. ಒಂದು ಶನಿವಾರ ಇದ್ದಕ್ಕಿದ್ದಂತೆ ದೊರೆ ಕಣ್ಣು ಅರಳಿಸಿದ, ಗಹಗಹಿಸಿ ನಕ್ಕ, ಗೋಡೆಯ ಹತ್ತಿರ ಮಾತಾಡಿದ. ಸಿನಿಮಾದಲ್ಲಿ ಎಷ್ಟು ನೋಡಿದ್ದೆನೋ ಅಷ್ಟನ್ನೂ ಮಾಡಿದೆ. "ನಿಮ್ಹಾನ್ಸ್ ಕೇಸು ಗುರೂ" ಅಂದ ಒಬ್ಬ. ಎಲ್ಲರೂ ನಕ್ಕರು, ಕತ್ತಿ ಹಿರಿದರು. ನನಗೂ ಖುಷಿ. ಒಬ್ಬ ಗೆಳೆಯ ಮಾತ್ರ ನಗಲಿಲ್ಲ. ಬೆಳಿಗ್ಗೆ ಬೇಗ ಏಳಬೇಕು ಅಂತ ಹೇಳಿ ಅರ್ಧಕ್ಕೇ ಎದ್ದು ಹೋದ.

ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ. "ನಮ್ಮ ಚಿಕ್ಕಪ್ಪ ಹಾಗೆ ನಗ್ತಿರಲಿಲ್ಲ ಕಣೋ" ಅಂದ. "ಅವರು ಲೆಕ್ಕ ಬರೀತಿದ್ದರು."

ಹದಿನೈದು ವರ್ಷದ ಗೆಳೆತನ, ಈ ಚಿಕ್ಕಪ್ಪನ ವಿಷಯ ನನಗೆ ಗೊತ್ತೇ ಇರಲಿಲ್ಲ. ವ್ಯಾಪಾರದಲ್ಲಿ ಪಾಲುದಾರ ನಿಜವಾಗಿಯೂ ಮೋಸ ಮಾಡಿದ್ದನಂತೆ. ಆಮೇಲೆ ಅವರು ಮನೆಗೆ ಬಂದವರ ಹೆಸರು, ಬಂದ ಹೊತ್ತು, ಬೀದಿಯಲ್ಲಿ ನಿಂತ ಸ್ಕೂಟರುಗಳ ನಂಬರು ಎಲ್ಲಾ ನೋಟ್ ಪುಸ್ತಕದಲ್ಲಿ ಬರೆದಿಡೋಕೆ ಶುರು ಮಾಡಿದರು. ಮುದ್ದಾದ ಅಕ್ಷರ, ಕೆಂಪು ಗೆರೆ ಹಾಕಿದ ಮಾರ್ಜಿನ್. ಮೋಸ ಹೋದ ಮನುಷ್ಯ, ಹುಷಾರಾಗಿದ್ದಾರೆ ಅಂದುಕೊಂಡರು ಮನೆಯವರು. ಹಾಲಿನವನ ಮೇಲೆ ಅನುಮಾನ ಅಂದಾಗ ಅಜ್ಜಿ ಹಾಲಿನವನನ್ನು ಬದಲಾಯಿಸಿದರು. ಪಕ್ಕದ ಮನೆಯವರ ಮೇಲೆ ಅನುಮಾನ ಅಂದಾಗ ಆ ಕಡೆಯ ಕಿಟಕಿ ಮುಚ್ಚಿದರು. "ಡಾಕ್ಟರ ಹತ್ತಿರ ಹೋಗೋಕೆ ಮೂರು ವರ್ಷ ಆಯ್ತು. ಅವರಿಂದ ಅಲ್ಲ, ನಮ್ಮಿಂದ. ಒಂದೊಂದೇ ಒಪ್ಕೊಂಡು ಹೋದ್ವಿ ನಾವು" ಅಂದ.

ಆಗ ನನಗೆ ಗೊತ್ತಾಯಿತು, ನಾನು ಆಟವನ್ನು ತಪ್ಪು ಕಡೆಯಿಂದ ಹಿಡಿದುಕೊಂಡಿದ್ದೆ. ಹುಚ್ಚು ಹಿಡಿಯುವವನ ಮುಖ ಹೇಗಿರುತ್ತದೆ ಅಂತ ಯೋಚಿಸಿದ್ದೆ. ಅವನ ಪಕ್ಕದಲ್ಲಿ ಇರುವವರು ಒಂದೊಂದು ದಿನ ಏನೇನು ಒಪ್ಪಿಕೊಳ್ಳುತ್ತಾ ಹೋಗುತ್ತಾರೆ ಅಂತ ಯೋಚಿಸಿರಲೇ ಇಲ್ಲ. ಆಟ ಆಡುವವರು ಪಕ್ಕದಲ್ಲಿರುವವರು ತಾನೆ? ಕಥೆ ಅವರದ್ದು.

ಈ ಆಟಗಳ ನಿಯಮ ಪುಸ್ತಕಗಳಲ್ಲಿ ಹುಚ್ಚಿಗೂ ಲೆಕ್ಕ ಇದೆ. 1981ರಲ್ಲಿ ಕೇಯಾಸಿಯಂ ಕಂಪನಿ ತಂದ, ಸ್ಯಾಂಡಿ ಪೀಟರ್ಸನ್ ರೂಪಿಸಿದ 'ಕಾಲ್ ಆಫ್ ಕ್ತುಲ್ಹು' ಆಟದಲ್ಲಿ ಪ್ರತಿ ಪಾತ್ರಕ್ಕೂ ಸ್ಯಾನಿಟಿ ಅಂಕ ಇರುತ್ತದೆ. ನೋಡಬಾರದ್ದನ್ನು ನೋಡಿದಾಗೆಲ್ಲ ಅಂಕ ಕಡಿಮೆಯಾಗುತ್ತದೆ. ಒಂದೇ ಏಟಿಗೆ ಐದು ಅಥವಾ ಹೆಚ್ಚು ಅಂಕ ಹೋದರೆ ಬುದ್ಧಿಶಕ್ತಿಯ ದಾಳ ಹಾಕಬೇಕು. ಮಜಾ ಏನಂದರೆ ದಾಳ ಗೆದ್ದರೆ ತಲೆ ಕೆಡುತ್ತದೆ, ಸೋತರೆ ಬಚಾವು! ಕಂಡದ್ದು ಏನು ಅಂತ ಅರ್ಥವಾದವನಿಗೇ ಅಪಾಯ ಅಂತ. ಚೆನ್ನಾಗಿ ಯೋಚಿಸಿ ಮಾಡಿದ ನಿಯಮ. ಡಂಜನ್ಸ್ ಅಂಡ್ ಡ್ರ್ಯಾಗನ್ಸಿನ 2014ರ ಡಂಜನ್ ಮಾಸ್ಟರ್ ಪುಸ್ತಕದಲ್ಲಿ ಕೆಲವು ನಿಮಿಷದ ಹುಚ್ಚು, ಹತ್ತಾರು ಗಂಟೆಗಳ ಹುಚ್ಚು, ವಾಸಿ ಮಾಡುವವರೆಗೂ ಬಿಡದ ಹುಚ್ಚು ಅಂತ ಮೂರು ಪಟ್ಟಿಗಳಿವೆ. ದಾಳ ಹಾಕು, ಬಂದದ್ದನ್ನು ಅಭಿನಯಿಸು. 2021ರಲ್ಲಿ ಬಂದ ರೇವನ್‌ಲಾಫ್ಟ್ ಪುಸ್ತಕದಲ್ಲಿ ಆ ದಾರಿ ಬಿಟ್ಟು ಭಯ, ಒತ್ತಡ ಅನ್ನುವ ನಿಯಮಗಳನ್ನು ತಂದರು. ಒಳ್ಳೆಯದೇ ಮಾಡಿದರು ಅನ್ನುತ್ತೇನೆ.

ಆದರೆ ಯಾವ ಪಟ್ಟಿಯೂ ನನ್ನ ಮಾರ್ತಾಂಡನಿಗೆ ಆಗಲಿಲ್ಲ. ದಾಳದಿಂದ ಹುಚ್ಚು ಒಂದೇ ಜಿಗಿತಕ್ಕೆ ಬರುತ್ತದೆ. ನನಗೆ ಬೇಕಿದ್ದದ್ದು ಇಳಿಜಾರು.

ಅದು ಸಿಕ್ಕಿದ್ದು ನಮ್ಮ ಮನೆಯ ಕಪಾಟಿನಲ್ಲೇ. ಗಿರೀಶ್ ಕಾರ್ನಾಡರ 'ತುಘಲಕ್', 1964ರದ್ದು. ಬರೆದಾಗ ಅವರಿಗೆ 26 ವರ್ಷ. ನಮ್ಮಲ್ಲಿ ಅಸಂಬದ್ಧ ಆಡಳಿತಕ್ಕೆಲ್ಲ "ತುಘಲಕ್ ದರ್ಬಾರು" ಅಂದುಬಿಡುತ್ತೇವೆ. ನಾಟಕ ಓದಿದರೆ ಹಾಗನ್ನೋದು ಕಷ್ಟ. ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಒಯ್ಯೋಕೆ ಕಾರಣ ಇದೆ. ದಿಲ್ಲಿ ಗಡಿಗೆ ಹತ್ತಿರ, ದೌಲತಾಬಾದು ರಾಜ್ಯದ ನಡುವೆ, ಅಲ್ಲಿ ಹಿಂದೂಗಳು ಹೆಚ್ಚು, ಎರಡೂ ಸಮುದಾಯ ಹತ್ತಿರವಾಗಲಿ ಅನ್ನುವ ಆಸೆ. ಬೆಳ್ಳಿಯ ಬೆಲೆಗೆ ತಾಮ್ರದ ನಾಣ್ಯ ತರೋಕೂ ಕಾರಣ ಇದೆ. ಮೊದಲ ದೃಶ್ಯಗಳಲ್ಲಿ ನಾವು ಅವನ ಪಕ್ಷ. ಆಮೇಲೆ ಗುಲಾಬಿ ತೋಟದಲ್ಲಿ ಖೋಟಾ ನಾಣ್ಯಗಳನ್ನು ಗಾಡಿಗಟ್ಟಲೆ ತಂದು ಸುರಿಯುವಾಗ, ಮಲತಾಯಿಯನ್ನೇ ಕಲ್ಲು ಹೊಡೆಸಿ ಕೊಲ್ಲಿಸುವಾಗ ಬೆಚ್ಚುತ್ತೇವೆ. ನಡುವೆ ಗೆರೆ ಎಲ್ಲಿತ್ತು ಅಂತ ತೋರಿಸೋಕೆ ಆಗೋಲ್ಲ.

ಈ ಸಲ ನಾನು ತುಘಲಕನನ್ನು ಬಿಟ್ಟು ಬರನಿಯನ್ನು ನೋಡಿದೆ. ಇತಿಹಾಸಕಾರ, ಒಳ್ಳೆಯವನು, ಸುಲ್ತಾನನನ್ನು ನಿಜವಾಗಿ ಪ್ರೀತಿಸುವವನು. ಕಡೆಯವರೆಗೂ ಪಕ್ಕದಲ್ಲೇ ಇರುತ್ತಾನೆ. ಕಡೆಗೆ ತಾಯಿ ತೀರಿಕೊಂಡಳು ಅನ್ನುವ ಕಾರಣ ಹೇಳಿ ಹೊರಡುತ್ತಾನೆ. ಆಡುವವರ ಜಾಗ ಅದೇ ಅನ್ನಿಸಿತು. ದೊರೆ ಯಾವಾಗ ಹುಚ್ಚನಾದ ಅನ್ನೋದಕ್ಕಿಂತ ಬರನಿ ಯಾವಾಗ ಏಳಬೇಕಿತ್ತು ಅನ್ನೋದು ನನ್ನನ್ನು ಕಾಡಿತು.

ಗೆಳೆಯನ ಮನೆಗೆ ಹೋಗಿ ಕೇಳಿದೆ, ಮಾರ್ತಾಂಡನ ಆ ಶನಿವಾರ ನಡೆದೇ ಇಲ್ಲ ಅಂತ ಅಳಿಸಿ ಮತ್ತೆ ಶುರು ಮಾಡಲಾ, ಇಲ್ಲಾ ಈ ಕಥೆಯನ್ನೇ ಬಿಡಲಾ ಅಂತ. ಜಾನ್ ಸ್ಟಾವ್ರೊಪೊಲಸ್ ಅನ್ನುವವರು ರೂಪಿಸಿದ ಎಕ್ಸ್ ಕಾರ್ಡ್ ಅಂತ ಒಂದಿದೆ. ಮೇಜಿನ ಮೇಲೆ ಒಂದು ಕಾರ್ಡು ಇಟ್ಟಿರೋದು, ಯಾರಿಗೆ ಕಷ್ಟವಾದರೂ ಮುಟ್ಟಿದರೆ ಸಾಕು, ಕಾರಣ ಕೇಳದೆ ಆ ಭಾಗ ಬಿಟ್ಟು ಮುಂದೆ ಹೋಗೋದು. ಹಿಂದೆ ಇದನ್ನು ಓದಿ ನಕ್ಕಿದ್ದೆ. ಈಗ ನಾನೇ ಒಂದು ರಟ್ಟು ಕತ್ತರಿಸಿ ಕಾರ್ಡು ಮಾಡಿದೆ. ಗೆಳೆಯ ಎರಡು ಷರತ್ತು ಹಾಕಿದ. "ನಗಿಸಬೇಡ. ಕೊನೆಗೆ ನಾಯಿ ಥರ ಕೊಲ್ಲಿಸಬೇಡ."

ಹತ್ತು ಶನಿವಾರ ತೆಗೆದುಕೊಂಡೆ. ಮೊದಲು ಮಾರ್ತಾಂಡನ ಅನುಮಾನ ಸರಿಯಾಗಿಯೇ ಇತ್ತು. ಅಡಿಗೆಮನೆಯಲ್ಲಿ ನಿಜವಾದ ಗೂಢಚಾರ ಇದ್ದ, ಹಿಡಿದುಕೊಟ್ಟದ್ದು ನಮ್ಮ ಆಟಗಾರರೇ, ಬಹುಮಾನವೂ ಸಿಕ್ಕಿತು. ಆಮೇಲೆ ಕೋಟೆಗೆ ಬರುವ ಪತ್ರಗಳನ್ನು ಒಡೆದು ಓದುವ ಕೆಲಸ ಕೊಟ್ಟ. ಅದರಿಂದ ಇವರಿಗೆ ಲಾಭವೇ ಆಯಿತು. ಆಮೇಲೆ ಹಳೆಯ ದಿವಾನನನ್ನು ಓಡಿಸಿದ. ಪಾಪದವನು, ಎಲ್ಲರಿಗೂ ಇಷ್ಟದವನು. ಅವನ ಮನೆಯನ್ನು ಇವರಿಗೇ ಕೊಟ್ಟ. ಯಾರಿಗೆ ಯಾವ ಕೋಣೆ ಅಂತ ಅರ್ಧ ಗಂಟೆ ಜಗಳವಾಡಿದರು, ದಿವಾನ ಎಲ್ಲಿ ಹೋದ ಅಂತ ಒಬ್ಬನೂ ಕೇಳಲಿಲ್ಲ. ಅಷ್ಟರ ಮಧ್ಯೆಯೂ ದೊರೆ ಇವರ ಕುದುರೆಗಳ ಹೆಸರು ನೆನಪಿಟ್ಟು ವಿಚಾರಿಸುತ್ತಿದ್ದ, ತಮಾಷೆ ಮಾಡುತ್ತಿದ್ದ. ಒಳ್ಳೆಯತನ ಒಂದೇ ದಿನ ಹೊರಟು ಹೋಗೋಲ್ಲವಲ್ಲ.

ಆರನೇ ವಾರ ಮಾರ್ತಾಂಡ ನಡೆಯದೇ ಇದ್ದ ಒಂದು ಮಾತುಕತೆಯನ್ನು ನೆನಪಿಸಿದ. "ಉತ್ತರದ ಬುರುಜು ಕೆಡವಬೇಕು ಅಂತ ನೀವೇ ಹೇಳಿದಿರಲ್ಲ." ಒಬ್ಬ ತನ್ನ ಹಾಳೆ ತಿರುವಿ ನೋಡಿದ. "ನಾವು ಹಾಗಂದ್ವಾ?" ಇನ್ನೊಬ್ಬ ಅಂದ, "ಅಂದಿರ್ತೀವಿ ಬಿಡು." ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೊಡ್ಡವನು ತಪ್ಪು ಹೇಳಿದರೆ ನಾವು ನಮ್ಮ ನೆನಪನ್ನೇ ತಿದ್ದಿಕೊಳ್ಳುತ್ತೇವೆ. ಇದನ್ನು ನಾನು ಬರೆದಿರಲಿಲ್ಲ, ಅವರಾಗಿ ಮಾಡಿದ್ದು.

ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ. ಮಾರ್ತಾಂಡ ಸುಳ್ಳು ಹೇಳಬಹುದು, ಡಂಜನ್ ಮಾಸ್ಟರ್ ಆಗಿ ನಾನು ಹೇಳಬಾರದು. ಹುಡುಕಿದರೆ ಸಿಗುವ ಹಾಗೆ ಪ್ರತಿ ವಾರವೂ ಎರಡು ಮೂರು ಗುರುತು ಇಡಬೇಕು. ಕೊನೆಗೆ ಹಿಂದೆ ತಿರುಗಿ ನೋಡಿದಾಗ "ನಮಗೆ ಗೊತ್ತಾಗೋಕೆ ಸಾಧ್ಯವೇ ಇರಲಿಲ್ಲ" ಅನ್ನುವ ಹಾಗೆ ಆಗಬಾರದು. ಹಾಗಾದರೆ ಅದು ಬರೀ ಮೋಸ.

ಆಟ ಆಟವೇ, ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ನಮ್ಮ ಗುಂಪಿನಲ್ಲೇ ಒಬ್ಬ ಕೇಳಿದ. ನಿಧಾನವಾದರೆ ಬೋರು, ಹುಚ್ಚು ದೊರೆ ಅಂದರೆ ಹುಚ್ಚು ದೊರೆಯ ಹಾಗೆ ಇರಲಿ ಅಂತ. ಅವನ ಮಾತಿನಲ್ಲೂ ಅರ್ಥ ಇದೆ, ಶನಿವಾರ ಸಂಜೆ ಜನ ಬರೋದು ನಗೋಕೆ. ಆದರೆ ಹುಚ್ಚು ಅಂದರೆ ಕ್ರೌರ್ಯ ಅಂತ ತೋರಿಸಿ ತೋರಿಸಿ ನಾವು ಅದನ್ನೇ ನಂಬಿಬಿಟ್ಟಿದ್ದೇವೆ. ಮಾನಸಿಕ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಯಾರನ್ನೂ ಹೊಡೆಯೋಲ್ಲ, ಏಟು ತಿನ್ನುವವರೇ ಹೆಚ್ಚು. ಮಾರ್ತಾಂಡನನ್ನು ಅಪಾಯಕಾರಿ ಮಾಡಿದ್ದು ಅವನ ಕಾಯಿಲೆಯಲ್ಲ, ಅವನ ಎದುರು "ಇಲ್ಲ" ಅನ್ನುವವರು ಯಾರೂ ಇಲ್ಲದ್ದು. ಗೆಳೆಯನ ಚಿಕ್ಕಪ್ಪನಿಗೆ ಇದ್ದದ್ದು ನೋಟ್ ಪುಸ್ತಕ. ದೊರೆಗೆ ಸೈನ್ಯ ಇತ್ತು. ಇವೆರಡನ್ನೂ ಒಂದೇ ಪದದಲ್ಲಿ ಕಟ್ಟಿಹಾಕೋದು ತಪ್ಪು ಅಂತ ನನ್ನ ಅಭಿಪ್ರಾಯ.

ಕಳೆದ ಶನಿವಾರ ಹತ್ತನೇ ವಾರ. ಯುದ್ಧದಿಂದ ತಪ್ಪಿಸಿಕೊಂಡು ಬಂದ ಒಂದು ಹಳ್ಳಿಯ ಜನ ಕೋಟೆ ಬಾಗಿಲಲ್ಲಿ ನಿಂತಿದ್ದಾರೆ. ಅವರೊಳಗೆ ಗೂಢಚಾರರಿದ್ದಾರೆ, ಬಾಗಿಲು ಮುಚ್ಚಿ ಅಂತ ದೊರೆಯ ಅಪ್ಪಣೆ. ಮಳೆ ಬರುತ್ತಿದೆ ಅಂತ ಹೇಳಿದೆ, ಬೇರೇನೂ ಹೇಳಲಿಲ್ಲ. ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಒಬ್ಬ ಮೆಲ್ಲಗೆ ಅಂದ, "ದಿವಾನ ಎಲ್ಲಿ ಹೋದ ಅಂತ ನಾವು ಕೇಳಲೇ ಇಲ್ಲ ಅಲ್ವಾ?"

ನಾನು ದೊಡ್ಡ ಕಾಳಗಕ್ಕೆ ಸಿದ್ಧನಾಗಿದ್ದೆ. ನಕ್ಷೆ ಬರೆದಿದ್ದೆ, ದಾಳ ಜೋಡಿಸಿಟ್ಟಿದ್ದೆ. ಗೆಳೆಯ ಹೇಳಿದ, "ಇವರು ಮೂರೂ ಜನ ಹೋಗಿ ಬಾಗಿಲು ತೆಗೀಲಿ. ನಾನು ದೊರೆ ಹತ್ತಿರ ಹೋಗ್ತೀನಿ. ಕತ್ತಿ ಹೊರಗಿಟ್ಟು ಹೋಗ್ತೀನಿ. ಬಾಗಿಲು ತೆಗೀತಾ ಇದೀವಿ ಅಂತ ಅವನಿಗೆ ಹೇಳ್ತೀನಿ, ಸುಳ್ಳು ಹೇಳಲ್ಲ. ಆಮೇಲೆ ಬೆಳಗಾಗೋವರೆಗೂ ಅಲ್ಲೇ ಕೂತಿರ್ತೀನಿ."

ಮಾರ್ತಾಂಡ ಏನು ಮಾಡಬೇಕು? ಒಂದು ಮಂತ್ರಕ್ಕೆ ಅವನನ್ನು ಸುಟ್ಟುಬಿಡಬಹುದಿತ್ತು. ದಾಳಕ್ಕೆ ಕೈ ಹೋಯಿತು, ವಾಪಸ್ ತೆಗೆದೆ. ದೊರೆ ಬಹಳ ಹೊತ್ತು ಸುಮ್ಮನಿದ್ದು, ಅವನ ಕುದುರೆಯ ಹೆಸರು ಹಿಡಿದು, ಅದಕ್ಕೆ ಹುಲ್ಲು ಹಾಕಿದ್ದೀಯಾ ಅಂತ ಕೇಳಿದ. ಅಷ್ಟೇ ಹೇಳೋಕಾಯಿತು ನನಗೆ. ರಟ್ಟಿನ ಕಾರ್ಡು ಇಟ್ಟಲ್ಲೇ ಇತ್ತು, ಯಾರೂ ಮುಟ್ಟಲಿಲ್ಲ.

ಆಟ ಮುಗಿದ ಮೇಲೆ ಬೈಕ್ ಸ್ಟಾರ್ಟ್ ಮಾಡುತ್ತಾ ಗೆಳೆಯ ಹೇಳಿದ, ಚಿಕ್ಕಪ್ಪ ಈಗ ಮಾತ್ರೆ ತಗೊಂಡು ಆರಾಮಾಗಿದ್ದಾರಂತೆ, ಸಂಜೆ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರಂತೆ. "ಅಕ್ಷರ ಈಗಲೂ ಹಾಗೇ ಇದೆ" ಅಂದ.

ಈ ಆಟ ಆಡುವವರು ನಿಮ್ಮಲ್ಲಿ ಎಷ್ಟು ಜನ ಇದ್ದೀರೋ. ನಾಟಕ ಮಾಡುವವರು, ಕಥೆ ಬರೆಯುವವರು ಅಂತೂ ಇದ್ದೀರಿ. ಹುಚ್ಚನ ಪಾತ್ರ ಬರೆಯುವಾಗ ನೀವು ಎಲ್ಲಿಂದ ಶುರು ಮಾಡುತ್ತೀರಿ? ಬರನಿ ಯಾವ ದೃಶ್ಯದಲ್ಲಿ ಎದ್ದು ಹೋಗಬೇಕಿತ್ತು ಅನ್ನುತ್ತೀರಿ? ಇಲ್ಲಾ, ನನ್ನ ಗೆಳೆಯನ ಹಾಗೆ ಕೂತೇ "ಇಲ್ಲ" ಅನ್ನಬೇಕಿತ್ತಾ? ಬಿಡುವಾದಾಗ ಬರೆಯಿರಿ, ಕಾಯುತ್ತಿರುತ್ತೇನೆ.