ಗಾಜಿನ ಬಟ್ಟಲಲ್ಲಿ ಸೀಗಡಿ

ಮಕ್ಕಳೇ, ಗೆಳೆಯರನ್ನು ಮನೆಗೆ ಕರೆದಾಗ ಸಮೋಸಾ, ಚಿಪ್ಸ್ ಬಿಟ್ಟು ಬೇರೇನಾದರೂ ಕೊಡಬೇಕು ಅನ್ನಿಸುತ್ತದೆ ಅಲ್ಲವೇ? ಮೀನು ತಿನ್ನುವವರಿಗಾಗಿ ಈ ಸಲ ಪ್ರಾನ್ ಕಾಕ್‌ಟೇಲ್. ಹೆಸರು ಕೇಳಿ ಮನೆಯ ಹಿರಿಯರು ಗಾಬರಿಯಾಗಬೇಕಿಲ್ಲ, ಇದರಲ್ಲಿ ಮದ್ಯವಿಲ್ಲ. ಬೇಯಿಸಿ ತಣ್ಣಗಾಗಿಸಿದ ಸೀಗಡಿಯನ್ನು ಸಾಸ್ ಜತೆ ಗಾಜಿನ ಬಟ್ಟಲಲ್ಲಿ ಕೊಡುವುದು, ಅಷ್ಟೇ. 1960, 70ರ ದಶಕಗಳಲ್ಲಿ ಇಂಗ್ಲೆಂಡಿನ ಔತಣಗಳಲ್ಲಿ ಊಟಕ್ಕೆ ಮುಂಚೆ ಇದನ್ನು ಕೊಡುವುದು ದೊಡ್ಡ ಫ್ಯಾಷನ್.

ನಮ್ಮ ಸೀಗಡಿ ಗಸಿಯನ್ನು ಬಡಿಸುವ ಮೊದಲು ಮತ್ತೊಮ್ಮೆ ಕುದಿಸಬಹುದು. ಹುಳಿ, ಖಾರ, ತೆಂಗಿನಕಾಯಿ ಸಣ್ಣಪುಟ್ಟ ಕೊರತೆಯನ್ನು ಮುಚ್ಚಿಬಿಡುತ್ತವೆ. ಇಲ್ಲಿ ಮಸಾಲೆಯೂ ಇಲ್ಲ, ಮರುಕುದಿಯೂ ಇಲ್ಲ. ಆದ್ದರಿಂದ ಎಚ್ಚರ ಮಾರುಕಟ್ಟೆಯಲ್ಲೇ ಶುರುವಾಗಬೇಕು. ಮುಂಬಯಿಯ ಮೀನಿನವಳ ಬಳಿ 'ಕೋಳಂಬಿ' ಎಂದು ಕೇಳಿ. ಚಿಪ್ಪು ಹೊಳೆಯುತ್ತಿರಬೇಕು, ತಲೆ ಗಟ್ಟಿಯಾಗಿ ಅಂಟಿಕೊಂಡಿರಬೇಕು, ಕಟುವಾಸನೆ ಬರಬಾರದು.

ಬೇಕಾಗುವ ಸಾಮಾನು (4 ಜನರಿಗೆ): ಮಧ್ಯಮ ಗಾತ್ರದ ಸೀಗಡಿ ಅರ್ಧ ಕಿಲೋ, ಮೊಟ್ಟೆಯಿಲ್ಲದ ಮೇಯನೇಸ್ ಅರ್ಧ ಬಟ್ಟಲು, ಟೊಮೆಟೊ ಕೆಚಪ್ 2 ದೊಡ್ಡ ಚಮಚ, ನಿಂಬೆರಸ 1 ಚಮಚ, ಚಿಟಿಕೆ ಮೆಣಸಿನ ಪುಡಿ, ಉಪ್ಪು, ಲೆಟ್ಯೂಸ್ ಸೊಪ್ಪು, ಐಸ್.

ಮೇಯನೇಸ್ ಮೊಟ್ಟೆಯಿಲ್ಲದ್ದೇ ಏಕೆ? ಹಸಿಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಈ ಭಯದಿಂದಲೇ ಹಸಿಮೊಟ್ಟೆಯ ಮೇಯನೇಸನ್ನು 2024ರಲ್ಲಿ ತೆಲಂಗಾಣ, 2025ರಲ್ಲಿ ತಮಿಳುನಾಡು ಒಂದು ವರ್ಷದ ಮಟ್ಟಿಗೆ ನಿಷೇಧಿಸಿದವು. ಬೇಡವೆನಿಸಿದರೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರೂ ಆದೀತು.

ಮಾಡುವ ವಿಧಾನ: ಸೀಗಡಿಯ ತಲೆ, ಚಿಪ್ಪು, ಬೆನ್ನಿನ ಕಪ್ಪು ನರ ತೆಗೆದು ತೊಳೆಯಿರಿ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ ಕುದಿಸಿ, ಸೀಗಡಿ ಹಾಕಿ. ಎರಡು ಮೂರು ನಿಮಿಷ ಸಾಕು. ಒಳಗಿನ ಪಾರದರ್ಶಕ ಬಣ್ಣ ಹೋಗಿ ಬೆಳ್ಳಗಾಗಿ, ಸೀಗಡಿ ಇಂಗ್ಲಿಷಿನ 'ಸಿ' ಅಕ್ಷರದಂತೆ ಬಾಗಿದರೆ ಬೆಂದಂತೆ. 'ಓ' ಆಯಿತೋ, ರಬ್ಬರ್! ಕೂಡಲೇ ಐಸ್ ನೀರಿಗೆ ಹಾಕಿ, ತಣಿದ ಮೇಲೆ ಬಸಿದು, ಬಟ್ಟೆಯಿಂದ ಒರೆಸಿ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಒರೆಸದಿದ್ದರೆ ಸಾಸ್ ನೀರಾಗುತ್ತದೆ. ಉಳಿದದ್ದನ್ನೆಲ್ಲ ಕಲಸಿ ಸಾಸ್ ಮಾಡಿ ಅದನ್ನೂ ತಣ್ಣಗಿಡಿ. ತಣ್ಣಗಾದಾಗ ರುಚಿ ಮಂಕಾಗುತ್ತದೆ, ಆದ್ದರಿಂದ ಉಪ್ಪು ಹುಳಿ ನೋಡುವುದು ಫ್ರಿಜ್ಜಿನಿಂದ ತೆಗೆದ ಮೇಲೆ. ಬಡಿಸುವಾಗ ಸೊಪ್ಪಿನ ಮೇಲೆ ಸೀಗಡಿ, ಅದರ ಮೇಲೆ ಸಾಸ್. ಸೆಕೆಗಾಲದಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.

ಇನ್ನು ವೈನ್. ನಾವು ಸುಮ್ಮನಿದ್ದರೆ ನೀವು ಕೇಳದೇ ಇರುತ್ತೀರಾ? ತಿಳಿದು ಕುಡಿಯುವುದೇ ಲೇಸು. ಕೆಂಪು ವೈನ್ ಒಗರು. ಸೀಗಡಿಯ ಜತೆ ಬಾಯಲ್ಲಿ ಕಬ್ಬಿಣದ ರುಚಿ ಉಳಿಸಬಹುದು. ಬಿಳಿ ವೈನಿನ ಹುಳಿ, ನಿಂಬೆ ಹಿಂಡಿದ ಹಾಗೆ ಕೆಲಸ ಮಾಡುತ್ತದೆ. ಸೊವಿನ್ಯೋಂ ಬ್ಲಾಂಕ್ ಎಂಬ ದ್ರಾಕ್ಷಿಯದು ಚೆನ್ನಾಗಿ ಹೊಂದುತ್ತದೆ. ಸಾಸಿನಲ್ಲಿ ಸಿಹಿ, ಖಾರ ಹೆಚ್ಚಿದ್ದರೆ ತುಸು ಸಿಹಿಯಾದ ಶೆನಿನ್ ಬ್ಲಾಂಕ್. ಎರಡೂ ನಾಸಿಕದಲ್ಲೇ ತಯಾರಾಗುತ್ತವೆ. ನಮ್ಮ ನಂದಿ ಬೆಟ್ಟದ ತಪ್ಪಲಿನಲ್ಲೂ ವೈನಿನ ದ್ರಾಕ್ಷಿ ತೋಟಗಳಿವೆ. ಮೂರು ಗಂಟೆ ಫ್ರಿಜ್ಜಿನಲ್ಲಿಟ್ಟು, ಹತ್ತು ನಿಮಿಷ ಮೊದಲು ಹೊರತೆಗೆಯಿರಿ. 750 ಮಿ.ಲೀ. ಬಾಟಲಿಯಲ್ಲಿ ಐದು ಲೋಟ. ನಾಲ್ಕು ಜನರಿಗೆ ಒಂದೇ ಬಾಟಲಿ ಧಾರಾಳವಾಯಿತು.

ಕೊನೆಗೆ ಮೂರು ಮಾತು. ಸೀಗಡಿ ಕೆಲವರ ಮೈಗೆ ಒಗ್ಗುವುದಿಲ್ಲ, ಅಲರ್ಜಿಯಾದರೆ ಉಸಿರೇ ಕಟ್ಟಬಹುದು. ಬಡಿಸುವ ಮುನ್ನ ಕೇಳಿ. ಕುಡಿದವರ ಕೈಗೆ ಗಾಡಿಯ ಕೀಲಿ ಕೊಡಬೇಡಿ. ಬೇಡವೆಂದವರಿಗೆ "ಒಂದೇ ಒಂದು" ಎಂದು ಒತ್ತಾಯ ಮಾಡಬೇಡಿ. ಅಂಥವರಿಗೂ ವಯಸ್ಸಾಗದವರಿಗೂ ಅದೇ ಚಂದದ ಲೋಟದಲ್ಲಿ ತಣ್ಣನೆಯ ಪುನರ್ಪುಳಿ ಶರಬತ್ತು ಕೊಡಿ. ಅದರ ಹುಳಿಯೂ ಸೀಗಡಿಗೆ ಒಪ್ಪುತ್ತದೆ. ಬಂದವರು ಬಂದ ಹಾಗೆಯೇ ಸುಖವಾಗಿ ಮನೆ ಸೇರಿದರೆ, ನಿಮ್ಮ ಔತಣ ಗೆದ್ದಂತೆ.